ಬಂದ ದಿನವೂ ಲೆಕ್ಕ, ಹೊರಟ ದಿನವೂ ಲೆಕ್ಕ

ಕಾರವಾರದ ಕಡಲತೀರದಲ್ಲಿ ಸಂಜೆ ವಾಕಿಂಗಿಗೆ ಸಿಗುವ ಹಳೆಯ ಸಹೋದ್ಯೋಗಿಯೊಬ್ಬರು ಕಳೆದ ವಾರ ನನ್ನನ್ನು ನಿಲ್ಲಿಸಿ ಕೇಳಿದರು: “ಥಾಯ್ಲೆಂಡಿಗೆ ಈಗ ವೀಸಾನೇ ಬೇಡವಂತಲ್ಲ ಮಾರಾಯರೇ, ಹಾಗಾದರೆ ಹೋಗಿ ಆರು ತಿಂಗಳು ಆರಾಮಾಗಿ ಇದ್ದು ಬರಬಹುದಲ್ಲ?” ನಿವೃತ್ತಿಯ ಅಂಚಿನಲ್ಲಿರುವ ಅವರಿಗೂ ಅವರ ಪತ್ನಿಗೂ ನಮ್ಮ ಹಾಗೆಯೇ ನಿಧಾನವಾಗಿ, ಒಂದೊಂದು ಊರಿನಲ್ಲಿ ವಾರಗಟ್ಟಲೆ ನಿಂತು ದೇಶ ನೋಡುವ ಆಸೆಯಿದೆ. ಕಲ್ಲುಬೆಂಚಿನ ಮೇಲೆ ಕುಳಿತು ಅರ್ಧ ಗಂಟೆ ವಿವರಿಸಿದೆ. ಕತ್ತಲಾಯಿತು, ವಿಷಯ ಮುಗಿಯಲಿಲ್ಲ. ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಶಿರಸಿಯ ನೆಂಟರೂ ಕುಮಟೆಯ ಗೆಳೆಯರೂ ಕೇಳಿರುವುದರಿಂದ, ಉತ್ತರವನ್ನು ಒಮ್ಮೆ ಸಮಾಧಾನವಾಗಿ ಬರೆದಿಡುವುದು ಒಳ್ಳೆಯದೆನಿಸಿತು.

“ವೀಸಾ ಬೇಡ” ಎಂದರೆ ಮುಂಚಿತವಾಗಿ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಒಪ್ಪಿಗೆಗಾಗಿ ಕಾಯುವ ಕೆಲಸ ತಪ್ಪಿತು ಎಂದಷ್ಟೇ ಅರ್ಥ. ಎಷ್ಟು ದಿನ ಇರಬಹುದು ಎಂಬ ಮಿತಿ ಅದರಿಂದ ಹೋಗುವುದಿಲ್ಲ. ವೀಸಾ ಚೀಟಿಯಲ್ಲಿ ಬರೆದಿರುತ್ತಿದ್ದ ಮಿತಿ ಈಗ ವಿಮಾನ ನಿಲ್ದಾಣದ ಇಮಿಗ್ರೇಷನ್ ಕೌಂಟರಿನಲ್ಲಿ ಒತ್ತುವ ಮುದ್ರೆಗೆ ಬಂದು ಸೇರಿದೆ. ಐದು ದಿನದ ಪ್ಯಾಕೇಜ್ ಪ್ರವಾಸಕ್ಕೆ ಹೋದವರಿಗೆ ಆ ಮುದ್ರೆಯನ್ನು ಓದುವ ಅಗತ್ಯವೇ ಬೀಳುವುದಿಲ್ಲ. ಒಂದೊಂದು ದೇಶದಲ್ಲಿ ತಿಂಗಳು ನಿಲ್ಲುವ ನಮ್ಮಂಥವರಿಗೆ ಮಾತ್ರ ಇಡೀ ಪ್ರವಾಸ ಆ ಮುದ್ರೆಯ ಮೇಲೆಯೇ ನಿಂತಿರುತ್ತದೆ.

ನಾನು 36 ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿ 2023ರ ಮೇ ತಿಂಗಳಲ್ಲಿ ನಿವೃತ್ತನಾದೆ. ನನ್ನ ಪತ್ನಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದವಳು, ನನಗಿಂತ ಎರಡು ವರ್ಷ ಮೊದಲೇ ನಿವೃತ್ತಳಾಗಿದ್ದಳು. ನಮ್ಮ ಪ್ರವಾಸದ ರೀತಿ ಸರಳವಾದದ್ದು. ಅಡುಗೆಮನೆಯಿರುವ ಒಂದು ಕೋಣೆಯನ್ನು ತಿಂಗಳ ಬಾಡಿಗೆಗೆ ಹಿಡಿಯುತ್ತೇವೆ, ಅಲ್ಲಿಯ ಸಂತೆಗೆ ಹೋಗಿ ತರಕಾರಿ ತರುತ್ತೇವೆ, ಊರಿನಿಂದ ಒಯ್ದ ಮುರುಗಲು ಸಿಪ್ಪೆಯಲ್ಲಿ ಸಾರು ಮಾಡಿಕೊಳ್ಳುತ್ತೇವೆ, ದಿನಕ್ಕೆ ಒಂದು ಸ್ಥಳವನ್ನು ಮಾತ್ರ ನೋಡುತ್ತೇವೆ. ತಿಂಗಳ ಬಾಡಿಗೆ ದಿನದ ಲೆಕ್ಕದಲ್ಲಿ ಹೋಟೆಲಿಗಿಂತ ಬಹಳ ಕಡಿಮೆ ಬೀಳುತ್ತದೆ. ಈ ವಯಸ್ಸಿನಲ್ಲಿ ಓಡಿ ಓಡಿ ನೋಡುವ ಶಕ್ತಿಯೂ ಇಲ್ಲ, ಹಾಗೆ ನೋಡಿದ್ದು ಮನಸ್ಸಿನಲ್ಲಿ ಉಳಿಯುವುದೂ ಇಲ್ಲ.

ಹೊರಡುವ ಮೊದಲು ಕೋಡಿಬಾಗ ರಸ್ತೆಯ ಅಂಗಡಿಯಲ್ಲಿ ನೂರು ಹಾಳೆಯ ಒಂದು ರಟ್ಟಿನ ಪುಸ್ತಕ ಕೊಂಡು ಅದರಲ್ಲಿ ಗೆರೆ ಹಾಕಿಕೊಂಡೆ. ದೇಶ, ಒಳಬಂದ ದಿನ, ಮುದ್ರೆಯ ಪ್ರಕಾರ ಕೊನೆಯ ದಿನ, ನಾವು ಹೊರಡುವ ದಿನ, ಉಳಿಕೆ ಎಂದು ಐದು ಕಲಮುಗಳು. ಎಡಪುಟ ನನ್ನದು, ಬಲಪುಟ ಪತ್ನಿಯದು. ಇಬ್ಬರೂ ಒಟ್ಟಿಗೇ ಓಡಾಡುವಾಗ ಎರಡು ಪುಟ ಯಾಕೆಂದು ಅವಳು ಆಗ ಕೇಳಿದ್ದಳು. ಯಾಕೆಂಬುದು ಮುಂದೆ ಜರ್ಮನಿಯಲ್ಲಿ ತಿಳಿಯಿತು.

ಮೊದಲ ಸುತ್ತು 2024ರ ಜನವರಿಯಲ್ಲಿ ಶ್ರೀಲಂಕಾದಿಂದ ಶುರುವಾಯಿತು. ಆ ಸಮಯದಲ್ಲಿ ಶ್ರೀಲಂಕಾ ಸರ್ಕಾರ ಭಾರತವೂ ಸೇರಿದಂತೆ ಏಳು ದೇಶಗಳವರಿಗೆ ಮಾರ್ಚ್ 31ರವರೆಗೆ ವೀಸಾ ಶುಲ್ಕವನ್ನು ಬಿಟ್ಟುಕೊಟ್ಟಿತ್ತು. ಶುಲ್ಕವಿಲ್ಲದಿದ್ದರೂ ಆನ್‌ಲೈನಿನಲ್ಲಿ ಅನುಮತಿ ಪಡೆಯಲೇಬೇಕಿತ್ತು, ಮಿತಿ 30 ದಿನ. ಪತ್ರಿಕೆಗಳು ಅದನ್ನೂ “ವೀಸಾ ಮುಕ್ತ” ಎಂದೇ ಬರೆದಿದ್ದವು. ಅನುಮತಿ ಪಡೆಯದೆ ಬಂದ ಒಂದು ಕುಟುಂಬ ಕೊಲಂಬೊದಲ್ಲಿ ಕೌಂಟರಿನಿಂದ ಕೌಂಟರಿಗೆ ಅಲೆಯುತ್ತಿದ್ದುದನ್ನು ನಾವು ಕಣ್ಣಾರೆ ಕಂಡೆವು. ಕ್ಯಾಂಡಿಯಲ್ಲಿ ಮೂರು ವಾರ ಕಳೆದು, ಫೆಬ್ರವರಿ 3ರಂದು ಥಾಯ್ಲೆಂಡಿಗೆ ಬಂದಿಳಿದೆವು. ಭಾರತೀಯರಿಗೆ ಆ ದೇಶ 2023ರ ನವೆಂಬರ್ 10ರಿಂದ ವೀಸಾ ಇಲ್ಲದೆ 30 ದಿನ ಇರಲು ಅವಕಾಶ ಕೊಟ್ಟಿತ್ತು. ಅಲ್ಲಿಯ ಮುದ್ರೆಯಲ್ಲಿ ಒಂದು ಒಳ್ಳೆಯ ಗುಣವಿದೆ: ಎಷ್ಟು ದಿನ ಎಂದು ಹೇಳುವ ಬದಲು ಯಾವ ತಾರೀಕಿನವರೆಗೆ ಇರಬಹುದು ಎಂಬುದನ್ನೇ ಅದು ತೋರಿಸುತ್ತದೆ. ನಮ್ಮ ಮುದ್ರೆಯಲ್ಲಿ ಮಾರ್ಚ್ 3 ಎಂದಿತ್ತು. ಫೆಬ್ರವರಿ 3ನ್ನೇ ಮೊದಲ ದಿನವೆಂದು ಎಣಿಸಿದರೆ, ಆ ವರ್ಷ ಫೆಬ್ರವರಿಗೆ 29 ದಿನವಿದ್ದುದರಿಂದ, ಮಾರ್ಚ್ 3 ಮೂವತ್ತನೆಯ ದಿನ. ಅದನ್ನು ಹಾಗೇ ಪುಸ್ತಕಕ್ಕೆ ಇಳಿಸಿದೆನೇ ಹೊರತು ಈ ಎಣಿಕೆಯಲ್ಲಿ ಒಂದು ಪಾಠವಿದೆಯೆಂದು ಆಗ ಹೊಳೆಯಲಿಲ್ಲ. ತಾರೀಕು ಎದುರಿಗೇ ಇದ್ದುದರಿಂದ ಎಣಿಸುವ ಪ್ರಸಂಗವೇ ಬಂದಿರಲಿಲ್ಲ.

ಮಾರ್ಚ್ 2ರಂದು ಹಾತ್‌ಯಾಯ್ ಊರಿನಿಂದ ರೈಲು ಹಿಡಿದು ಮಲೇಷ್ಯಾ ಗಡಿಯ ಪಾದಾಂಗ್ ಬೆಸಾರ್ ನಿಲ್ದಾಣಕ್ಕೆ ಹೋದೆವು. ಎರಡೂ ದೇಶಗಳ ಇಮಿಗ್ರೇಷನ್ ಒಂದೇ ನಿಲ್ದಾಣದೊಳಗಿವೆ. ಥಾಯ್ಲೆಂಡಿನ ಕೌಂಟರಿನಲ್ಲಿ ಹೊರಹೋಗುವ ಮುದ್ರೆ ಹಾಕಿಸಿಕೊಂಡು ಕೆಲವೇ ಹೆಜ್ಜೆ ನಡೆದರೆ ಮಲೇಷ್ಯಾದ ಕೌಂಟರ್, ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಬೇಕು. ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ ವೀಸಾ ಇಲ್ಲದೆ 30 ದಿನ ಕೊಡುತ್ತಿದೆ. ಅದಕ್ಕೆ ಮೊದಲು, ಪ್ರವೇಶಕ್ಕೆ ಮೂರು ದಿನದ ಒಳಗೆ, ಆನ್‌ಲೈನಿನಲ್ಲಿ ಆಗಮನ ಪತ್ರ ತುಂಬಿರಬೇಕು. ಆ ಒಂದು ದಿನ, ಮಾರ್ಚ್ 2, ಎರಡೂ ದೇಶಗಳ ಲೆಕ್ಕದಲ್ಲಿ ಬಿತ್ತು. ಥಾಯ್ಲೆಂಡಿಗೆ ಅದು ನಮ್ಮ ಇಪ್ಪತ್ತೊಂಬತ್ತನೆಯ ದಿನ, ಮಲೇಷ್ಯಾಕ್ಕೆ ಮೊದಲನೆಯದು.

ಆ ಕೆಲವು ಹೆಜ್ಜೆಗಳನ್ನು ನಡೆಯುವಾಗ ನನಗೆ ಮಾಜಾಳಿ ನೆನಪಾಯಿತು. ನನ್ನ ಅಜ್ಜಿಯ ತವರು ಗೋವಾದ ಕಾಣಕೋಣ, ಮದುವೆಯಾಗಿ ಬಂದದ್ದು ಮಾಜಾಳಿಗೆ. ಈಗ ಕಾರವಾರದಿಂದ ಬಸ್ಸು ಹತ್ತಿದರೆ ಸುಮಾರು 15 ಕಿಲೋಮೀಟರಿಗೆ ಪೊಳೆಂ ಗಡಿ ದಾಟಿಬಿಡುತ್ತೇವೆ, ದಾಟಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. 1961ರ ಡಿಸೆಂಬರಿನವರೆಗೆ ಅದು ಪೋರ್ಚುಗಲ್ ಆಳ್ವಿಕೆಯ ನೆಲದ ಗಡಿಯಾಗಿತ್ತು, 1950ರ ದಶಕದ ನಡುವಿನಲ್ಲಿ ಎರಡು ಸರ್ಕಾರಗಳ ಸಂಬಂಧ ಕೆಟ್ಟ ಮೇಲೆ ಬಹಳ ಬಿಗಿಯೂ ಆಯಿತು. ತಾಯಿ ಕಾಯಿಲೆ ಬಿದ್ದಾಗ ಅಜ್ಜಿಗೆ ಸಿಕ್ಕ ಪರವಾನಗಿ ಚೀಟಿಯಲ್ಲಿ ಐದು ದಿನವೆಂದು ಬರೆದಿತ್ತಂತೆ. ಐದನೆಯ ದಿನ ತಾಯಿಯ ಹಾಸಿಗೆಯ ಪಕ್ಕದಿಂದ ಎದ್ದು ಬಂದವಳಿಗೆ ಮತ್ತೆ ಆಕೆಯ ಮುಖ ನೋಡಲು ಆಗಲಿಲ್ಲ. ನಾವು ಚಿಕ್ಕವರಿದ್ದಾಗ ಈ ಕಥೆಯನ್ನು ಹೇಳುತ್ತ, ಪ್ರತಿ ಸಲ ಬಲಗೈಯ ಐದು ಬೆರಳನ್ನು ಒಂದೊಂದಾಗಿ ಮಡಚಿ ತೋರಿಸುತ್ತಿದ್ದಳು. ದಿನದ ಮಿತಿಯೆಂಬುದು ಕಾಗದದ ಮೇಲಿನ ಬರೀ ಒಂದು ಅಂಕಿಯಲ್ಲ ಎಂಬ ಅರಿವು ನನ್ನಲ್ಲಿ ಇದ್ದರೆ ಅದು ಅಲ್ಲಿಂದ ಬಂದದ್ದು.

ಇಷ್ಟೆಲ್ಲ ಅರಿವಿದ್ದೂ ನಾನು ತಪ್ಪಿದೆ. ಅದನ್ನು ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಲೆಕ್ಕದಲ್ಲಿ ಪಳಗಿದವರೇ ಈ ತಪ್ಪನ್ನು ಮಾಡುವ ಸಂಭವ ಹೆಚ್ಚು.

ಮಾರ್ಚ್ 28ರಂದು ಕೌಲಾಲಂಪುರದಿಂದ ಇಂಡೊನೇಷ್ಯಾಕ್ಕೆ ಹೋದೆವು. ಅಲ್ಲಿ ನಮಗೆ ವೀಸಾ ವಿನಾಯಿತಿ ಇಲ್ಲ. ಇಳಿದ ಮೇಲೆ ತಲಾ 5 ಲಕ್ಷ ರುಪಿಯಾ ಕಟ್ಟಿ ವೀಸಾ ಪಡೆಯಬೇಕು. ರುಪಿಯಾ ಎಂಬುದು ಅವರ ನಾಣ್ಯ, ನಮ್ಮ ಹಣದಲ್ಲಿ ಅದು ಸುಮಾರು ಎರಡೂವರೆ ಸಾವಿರ ರೂಪಾಯಿ. ಮಿತಿ 30 ದಿನ, ಮುಗಿಯುವ ಮೊದಲೇ ಅರ್ಜಿ ಹಾಕಿದರೆ ಒಮ್ಮೆ ಮಾತ್ರ ಇನ್ನೂ 30 ದಿನ ಮುಂದುವರಿಸಿಕೊಳ್ಳಬಹುದು. ನಮಗೆ ಮೂವತ್ತೇ ಸಾಕಿತ್ತು. ಯೋಗ್ಯಕರ್ತಾದಲ್ಲಿ ಎರಡು ವಾರ ಮನೆ ಹಿಡಿದು ಬೊರೊಬುದೂರ್, ಪ್ರಂಬನನ್ ಎಂಬ ಹಳೆಯ ದೇಗುಲಗಳನ್ನು ನೋಡುವುದು, ಆಮೇಲೆ ಬಾಲಿಯ ಉಬುದ್ ಊರಿನಲ್ಲಿ ಎರಡು ವಾರ ಇದ್ದು ಬೆಂಗಳೂರಿಗೆ ಹೊರಡುವುದು ಎಂದು ಯೋಜನೆ. ಟಿಕೆಟನ್ನು ಏಪ್ರಿಲ್ 27ಕ್ಕೆ ತೆಗೆದೆ.

ಬ್ಯಾಂಕಿನವರನ್ನು ಯಾರನ್ನೇ ಕೇಳಿ, ಮಾರ್ಚ್ 28ಕ್ಕೆ ಇಟ್ಟ 30 ದಿನದ ಮುದ್ದತು ಠೇವಣಿ ಏಪ್ರಿಲ್ 27ಕ್ಕೆ ಮುಗಿಯುತ್ತದೆ. ಇಟ್ಟ ದಿನ ಅಥವಾ ತೆಗೆದ ದಿನ, ಎರಡರಲ್ಲಿ ಒಂದನ್ನು ಬಿಟ್ಟು ಬಡ್ಡಿ ಹಾಕುವುದು ನಮ್ಮ ಪದ್ಧತಿ. 36 ವರ್ಷ ಆ ಪದ್ಧತಿಯಲ್ಲಿ ಕೈ ಆಡಿಸಿದ್ದರಿಂದ ಬೇರೆ ಎಣಿಕೆಯೊಂದು ಇರಬಹುದೆಂಬ ಅನುಮಾನವೂ ನನಗೆ ಬರಲಿಲ್ಲ. ಇಂಡೊನೇಷ್ಯಾದಲ್ಲಿ ಬಂದಿಳಿದ ದಿನವೇ ಮೊದಲನೆಯ ದಿನ, ರಾತ್ರಿ ಹನ್ನೊಂದು ಗಂಟೆಗೆ ಇಳಿದರೂ ಅದು ಪೂರ್ತಿ ಒಂದು ದಿನ. ಮಾರ್ಚ್‌ನಲ್ಲಿ ನಾಲ್ಕು ದಿನ, ಏಪ್ರಿಲ್‌ನಲ್ಲಿ ಇಪ್ಪತ್ತಾರು. ನಮ್ಮ ಮಿತಿ ಮುಗಿದದ್ದು ಏಪ್ರಿಲ್ 26ಕ್ಕೆ. ಬಾಲಿಯ ಡೆನ್‌ಪಸಾರ್ ವಿಮಾನ ನಿಲ್ದಾಣದ ಕೌಂಟರಿನಲ್ಲಿದ್ದ ಹುಡುಗಿ ಎರಡೂ ಪಾಸ್‌ಪೋರ್ಟ್‌ಗಳನ್ನು ತಿರುವಿ, ಪುಟ್ಟ ಕ್ಯಾಲೆಂಡರಿನ ಮೇಲೆ ಪೆನ್ನಿನ ತುದಿಯಿಟ್ಟು ಒಂದು, ಎರಡು ಎಂದು ಮೂವತ್ತರವರೆಗೆ ನನ್ನ ಕಣ್ಣೆದುರೇ ಎಣಿಸಿದಳು. ಮೂವತ್ತು ಮುಗಿದು ಪೆನ್ನು ಮುಂದಿನ ಮನೆಗೆ ಹೋಗಿ ನಿಂತಿತು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ರಿಯಾಯಿತಿಯೂ ಇರಲಿಲ್ಲ. ಮಿತಿ ಮೀರಿದ ಪ್ರತಿ ದಿನಕ್ಕೆ ತಲಾ 10 ಲಕ್ಷ ರುಪಿಯಾ ದಂಡ. ಇಬ್ಬರಿಗೆ ಸೇರಿ 20 ಲಕ್ಷ, ಅಂದರೆ ನಮ್ಮ ಹತ್ತು ಸಾವಿರ ರೂಪಾಯಿಗೂ ಮೇಲೆ. ಪಕ್ಕದ ಕೋಣೆಯಲ್ಲಿ ಹಣ ಕಟ್ಟಿ ರಶೀದಿ ಪಡೆದು ವಿಮಾನದ ಬಾಗಿಲಿಗೆ ಬರುವಷ್ಟರಲ್ಲಿ ಕೊನೆಯ ಕರೆ ಕೇಳುತ್ತಿತ್ತು. ಪತ್ನಿ ದಾರಿಯುದ್ದಕ್ಕೂ ಒಂದು ಮಾತನ್ನೂ ಆಡಲಿಲ್ಲ. ವಿಮಾನ ಏರಿದ ಮೇಲೆ ಪುಸ್ತಕ ತೆರೆದು, ಅವಳ ಪುಟದ ಮೇಲ್ಗಡೆ ತಾನೇ ಬರೆದಳು: “ಬಂದ ದಿನವೂ ಲೆಕ್ಕ, ಹೊರಟ ದಿನವೂ ಲೆಕ್ಕ.” ಟೀಚರ್ ಅಕ್ಷರ, ಕೆಳಗೆ ಎರಡು ಗೆರೆ.

ಹಣ ಹೋದದ್ದು ದೊಡ್ಡ ಮಾತಲ್ಲ. ಮಿತಿ ಮೀರಿದ ದಾಖಲೆ ನಮ್ಮ ಹೆಸರಿನ ಮುಂದೆ ಬಿದ್ದದ್ದು ನನ್ನನ್ನು ಬಹಳ ದಿನ ಕಾಡಿತು. ಮುಂದೆ ಯಾವುದೇ ದೇಶದ ವೀಸಾ ಅರ್ಜಿಯಲ್ಲಿ “ಹಿಂದೆ ಎಲ್ಲಾದರೂ ಅವಧಿ ಮೀರಿ ಇದ್ದಿರಾ” ಎಂದು ಕೇಳಿದರೆ ಹೌದು ಎಂದೇ ಬರೆಯಬೇಕಲ್ಲ. ಥಾಯ್ಲೆಂಡಿನಲ್ಲಿ ಇದೇ ತಪ್ಪಿಗೆ ದಿನಕ್ಕೆ 500 ಬಾತ್, ಗರಿಷ್ಠ 20,000 ಬಾತ್ ದಂಡವಿದೆ. ದಂಡ ಕಟ್ಟಿದರಾಯಿತು ಎಂದು ಹಗುರವಾಗಿ ಹೇಳುವವರನ್ನು ನಾನು ಕಂಡಿದ್ದೇನೆ. ಆ ಮಾತನ್ನು ದಯವಿಟ್ಟು ಕಿವಿಗೆ ಹಾಕಿಕೊಳ್ಳಬೇಡಿ. ಅದಾದ ಮೇಲೆ ನಮ್ಮ ನಿಯಮ ಒಂದೇ: ಕೊನೆಯ ದಿನಕ್ಕೆ ಮೂರು ದಿನ ಮೊದಲೇ ಹೊರಡುವುದು. ವಿಮಾನ ರದ್ದಾಗಲಿ, ಜ್ವರ ಬರಲಿ, ಆ ಮೂರು ದಿನ ನಮ್ಮ ಕೈಯಲ್ಲಿರುತ್ತದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಪ್ರತಿ ಪ್ರವೇಶಕ್ಕೆ ಇಷ್ಟು ದಿನ ಎಂಬ ಬಗೆಯ ಮಿತಿ. ಇದರ ಮೇಲೆ ಇನ್ನೊಂದು ಮಿತಿಯನ್ನು ಕೂರಿಸುವ ದೇಶಗಳಿವೆ. 2024ರ ಸೆಪ್ಟೆಂಬರಿನಲ್ಲಿ ನಾವು ದೆಹಲಿಯಿಂದ ಕಜಾಕ್‌ಸ್ತಾನದ ಅಲ್ಮಾಟಿಗೆ ಹೋದಾಗ ಅದನ್ನು ಮೊದಲ ಸಲ ಎದುರಿಸಿದೆವು. 2022ರ ಜುಲೈನಿಂದ ಆ ದೇಶ ಭಾರತೀಯರಿಗೆ ವೀಸಾ ಇಲ್ಲದೆ ಒಂದು ಸಲಕ್ಕೆ 14 ದಿನ ಕೊಡುತ್ತದೆ, ಆದರೆ ಯಾವುದೇ 180 ದಿನಗಳಲ್ಲಿ ಎಲ್ಲ ಸೇರಿ 42 ದಿನ ಮೀರಬಾರದು. ಹೊರಗೆ ಹೋಗಿ ಮತ್ತೆ ಬಂದರೆ ಹೊಸ 14 ದಿನ ಸಿಗುತ್ತದೆ ನಿಜ, ಹಾಗೆ ಮೂರು ಸಲಕ್ಕಿಂತ ಹೆಚ್ಚು ಆಗುವುದಿಲ್ಲ. ನಮಗೆ ಹನ್ನೆರಡು ದಿನ ಸಾಕಾಯಿತು. ಹಿಮದ ಬೆಟ್ಟಗಳೂ ಸೇಬಿನ ಸಂತೆಯೂ ಚೆನ್ನ, ಚಳಿ ಮಾತ್ರ ಕರಾವಳಿಯ ನಮ್ಮ ಮೂಳೆಗೆ ಒಗ್ಗಲಿಲ್ಲ.

ನೇಪಾಳದ ಮಾತೇ ಬೇರೆ. 1950ರ ಒಪ್ಪಂದದ ಕಾರಣ ನಮಗೆ ಅಲ್ಲಿ ವೀಸಾ ಇಲ್ಲ, ದಿನದ ಮಿತಿಯೂ ಇಲ್ಲ, ಮತದಾರರ ಗುರುತಿನ ಚೀಟಿಯೇ ಸಾಕು. 2025ರ ಫೆಬ್ರವರಿಯಲ್ಲಿ ಶಿವರಾತ್ರಿಗೆಂದು ಕಾಠ್ಮಂಡುವಿಗೆ ಹೋದಾಗ ಪುಸ್ತಕದಲ್ಲಿ “ಕೊನೆಯ ದಿನ” ಎಂಬ ಕಲಮನ್ನು ಖಾಲಿ ಬಿಟ್ಟೆ, ಮನಸ್ಸಿಗೆ ಎಷ್ಟು ಹಗುರವೆನಿಸಿತೆಂದು ಹೇಳಲಾರೆ. ಪಶುಪತಿನಾಥನ ಸನ್ನಿಧಿಯಲ್ಲಿ ಪರಂಪರೆಯಿಂದ ಪೂಜೆ ನಡೆಸಿಕೊಂಡು ಬಂದಿರುವ ಭಟ್ಟರು ನಮ್ಮ ಕರ್ನಾಟಕದ ಕಡೆಯವರು. ಗೋಕರ್ಣದ ಶಿವರಾತ್ರಿಯಲ್ಲಿ ಬೆಳೆದ ನಮಗೆ ಆ ರಾತ್ರಿ ಪರದೇಶದಲ್ಲಿದ್ದೇವೆ ಎನಿಸಲಿಲ್ಲ. ಭೂತಾನಿಗೂ ವೀಸಾ ಬೇಡ, ಪರವಾನಗಿ ಬೇಕು, ಜೊತೆಗೆ ಭಾರತೀಯರು ರಾತ್ರಿಯೊಂದಕ್ಕೆ ತಲಾ 1200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕ ಕಟ್ಟಬೇಕು. ಇಬ್ಬರು ಒಂದು ತಿಂಗಳು ನಿಂತರೆ ಆ ಶುಲ್ಕವೇ 72,000 ರೂಪಾಯಿ ಆಗುವುದರಿಂದ ಅಲ್ಲಿ ದಿನವನ್ನು ನಿರ್ಧರಿಸುವುದು ಜೇಬು. ನಾವು ಇನ್ನೂ ಹೋಗಿಲ್ಲ.

ಎಲ್ಲಕ್ಕಿಂತ ಹೆಚ್ಚು ಲೆಕ್ಕ ಬೇಡಿದ್ದು ಯುರೋಪು. ನಮ್ಮ ಮಗಳು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದಾಳೆ. 2025ರ ಏಪ್ರಿಲ್ ನಡುವಿಗೆ ಅವಳ ಹೆರಿಗೆಯ ದಿನವೆಂದು ಡಾಕ್ಟರು ಹೇಳಿದ್ದರು. ಭಾರತೀಯರಿಗೆ ಅಲ್ಲಿ ವೀಸಾ ಬೇಕೇ ಬೇಕು. ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು, ತಲಾ 90 ಯೂರೊ ಶುಲ್ಕ ಕಟ್ಟಿ, ಕನಿಷ್ಠ 30,000 ಯೂರೊ ಚಿಕಿತ್ಸಾ ವೆಚ್ಚದ ವಿಮೆ ಮಾಡಿಸಿ, ಮಗಳ ಆಮಂತ್ರಣ ಪತ್ರ ಲಗತ್ತಿಸಿ, ಹಲವು ಸಲ ಪ್ರವೇಶಿಸಬಹುದಾದ ಒಂದು ವರ್ಷದ ಷೆಂಗನ್ ವೀಸಾ ಪಡೆದೆವು. ಜರ್ಮನಿಯೂ ಸೇರಿ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪಿಗೆ ಷೆಂಗನ್ ಎನ್ನುತ್ತಾರೆ. ಆ ಚೀಟಿಯನ್ನು ಓದುವುದು ಒಂದು ಕಲೆ. ಮೇಲೆ ಎರಡು ತಾರೀಕು, ಅವುಗಳ ನಡುವೆ ಒಂದು ವರ್ಷ. ಕೆಳಗೆ ಎಷ್ಟು ಸಲ ಪ್ರವೇಶ ಎಂಬುದು. ಅದರ ಪಕ್ಕ ಸಣ್ಣದಾಗಿ 90 ಎಂಬ ಅಂಕಿ. “ಒಂದು ವರ್ಷದ ವೀಸಾ ಸಿಕ್ಕಿತು” ಎಂದು ಸಿಹಿ ಹಂಚಿದ ಪರಿಚಯದ ದಂಪತಿ ನೂರಾಹದಿನೈದು ದಿನ ಇದ್ದು, ವಾಪಸು ಹೊರಡುವಾಗ ನಿಲ್ದಾಣದಲ್ಲಿ ಬಹಳ ಕಷ್ಟಪಟ್ಟರು. ತಾರೀಕುಗಳು ವೀಸಾದ ಆಯುಷ್ಯವನ್ನು ಹೇಳುತ್ತವೆ, ನಮ್ಮ ವಾಸಕ್ಕೆ ಸಂಬಂಧಿಸಿದ್ದು ಆ ಸಣ್ಣ 90.

ಯಾವ ದಿನವನ್ನೇ ತೆಗೆದುಕೊಳ್ಳಿ, ಆ ದಿನವೂ ಸೇರಿ ಹಿಂದಿನ 180 ದಿನಗಳಲ್ಲಿ ನೀವು ಷೆಂಗನ್ ದೇಶಗಳೊಳಗೆ ಇದ್ದದ್ದು 90 ದಿನ ಮೀರಿರಬಾರದು. ಒಳಬಂದ ದಿನ, ಹೊರಹೋದ ದಿನ ಎರಡೂ ಲೆಕ್ಕಕ್ಕೆ. ಜರ್ಮನಿಯಿಂದ ಫ್ರಾನ್ಸಿಗೋ ಸ್ವಿಟ್ಜರ್‌ಲೆಂಡಿಗೋ ಹೋಗಿ ಬಂದರೆ ಲೆಕ್ಕ ಹೊಸದಾಗಿ ಶುರುವಾಗುವುದಿಲ್ಲ, ಅವೆಲ್ಲ ಒಂದೇ ಅಂಗಳ. ಆರು ತಿಂಗಳಿಗೊಮ್ಮೆ ಪುಟ ತಿರುವಿ ಸೊನ್ನೆಯಿಂದ ಆರಂಭಿಸುವ ಲೆಕ್ಕವೂ ಇದಲ್ಲ. ದಿನವೂ ಒಂದು ಹೆಜ್ಜೆ ಮುಂದೆ ಸರಿಯುವ 180 ದಿನಗಳ ಕಿಟಕಿಯೆಂದು ಭಾವಿಸಿ. ಹಳೆಯ ದಿನಗಳು ಅದರ ಎಡ ಅಂಚಿನಿಂದ ಒಂದೊಂದಾಗಿ ಕಳಚಿ ಬೀಳುತ್ತವೆ, ಬಿದ್ದಷ್ಟು ಮಾತ್ರ ನಮಗೆ ಮರಳಿ ಸಿಗುತ್ತವೆ. ಯುರೋಪಿಯನ್ ಆಯೋಗದ ಜಾಲತಾಣದಲ್ಲಿ ಇದನ್ನು ಎಣಿಸಿಕೊಡುವ ಲೆಕ್ಕಯಂತ್ರವಿದೆ. ನಾನು ಕೈಯಲ್ಲಿ ಎಣಿಸಿ, ಆಮೇಲೆ ಅದರಲ್ಲಿ ತಾಳೆ ನೋಡುತ್ತಿದ್ದೆ.

ನಮ್ಮ ಕಡೆ ಬಾಣಂತನವೆಂದರೆ ಮೂರು ತಿಂಗಳು ಎಂಬ ಮಾತಿದೆ. 90 ದಿನ ಅದಕ್ಕೆ ಸರಿಯಾಗಿ ಹೊಂದುತ್ತದಲ್ಲ ಎಂದು ಮಗಳು ಫೋನಿನಲ್ಲಿ ಹೇಳಿದಾಗ ನಾನು ಒಪ್ಪಲಿಲ್ಲ. “ಅಷ್ಟೂ ದಿನವನ್ನು ಒಮ್ಮೆಲೇ ಖರ್ಚು ಮಾಡಿದರೆ, ಆಮೇಲೆ ನಿನಗೆ ಅಮ್ಮ ಬೇಕೆನಿಸಿದರೂ ಮೂರು ತಿಂಗಳು ಬರುವ ಹಾಗಿಲ್ಲ ಮಗಾ” ಎಂದೆ. ಏಪ್ರಿಲ್ 1ಕ್ಕೆ ಹೋಗಿ, ಜೂನ್ 14ಕ್ಕೆ ಹೊರಟೆವು. ಅದು 75 ದಿನ. 15 ದಿನವನ್ನು ಆಪತ್ತಿಗೆಂದು ಉಳಿಸಿದೆವು. ಮಗು ಏಪ್ರಿಲ್ 16ರಂದು ಹುಟ್ಟಿತು, ಹೆಣ್ಣುಮಗು. ಪತ್ನಿ ಊರಿನಿಂದ ಒಯ್ದ ಅಂಟಿನುಂಡೆ, ಓಮದ ಪುಡಿ, ಎಣ್ಣೆಯ ಡಬ್ಬಿಗಳೊಡನೆ ಆ ಪುಟ್ಟ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಮನೆಯ ಬಾಣಂತಿ ಕೋಣೆಯನ್ನೇ ಕಟ್ಟಿದಳು. ಮೇ ತಿಂಗಳ ಕೊನೆಯಲ್ಲಿ ನಾನೊಬ್ಬನೇ ಷೆಂಗನ್ ಅಂಗಳದ ಹೊರಗಿರುವ ಅಲ್ಬೇನಿಯಾಕ್ಕೆ ಹೋಗಿ ಬಂದೆ. ಹಲವು ಪ್ರವೇಶದ ಷೆಂಗನ್ ವೀಸಾವನ್ನು ಒಮ್ಮೆಯಾದರೂ ಬಳಸಿದ್ದರೆ ಆ ದೇಶಕ್ಕೆ ಬೇರೆ ವೀಸಾ ಬೇಡ. 20ಕ್ಕೆ ಹೊರಟು 27ಕ್ಕೆ ಮರಳಿದೆ. ಎಂಟು ದಿನದ ಪ್ರವಾಸವಾದರೂ ಹೋದ ದಿನ, ಬಂದ ದಿನ ಎರಡೂ ಷೆಂಗನ್ ಲೆಕ್ಕಕ್ಕೇ ಬಿದ್ದು, ಉಳಿದದ್ದು ಆರು ದಿನ. ಹೀಗೆ ನನ್ನ ಪುಟದಲ್ಲಿ ಉಳಿಕೆ 21, ಪತ್ನಿಯ ಪುಟದಲ್ಲಿ 15. ಎರಡು ಪುಟ ಯಾಕೆಂದು ಅವಳು ಮತ್ತೆ ಕೇಳಲಿಲ್ಲ.

ಉಳಿಸಿದ ಹದಿನೈದು ದಿನ ವ್ಯರ್ಥವಾಗಲಿಲ್ಲ. ಜುಲೈ ಎರಡನೆಯ ವಾರ ಕಾರವಾರದಲ್ಲಿ ಮಳೆ ಹಿಡಿದು ಕೂತಿದ್ದಾಗ ರಾತ್ರಿ ಮಗಳ ಕರೆ ಬಂತು. ಮಗುವಿಗೆ ಜ್ವರ, ಆಸ್ಪತ್ರೆಗೆ ಸೇರಿಸಿದ್ದಾರೆ, ಅಳಿಯ ಕೆಲಸದ ಮೇಲೆ ಬೇರೆ ಊರಿನಲ್ಲಿದ್ದಾನೆ. ಪತ್ನಿ ಮರುಮಾತಿಲ್ಲದೆ ಪುಸ್ತಕವನ್ನು ತಂದು ನನ್ನ ಮುಂದೆ ಇಟ್ಟಳು. 15ಕ್ಕೆ ಅಲ್ಲಿ ಇಳಿದರೆ 29ರವರೆಗೆ ಇರಬಹುದು ಎಂದೆ. ಅಂದು ಮೂರು ದಿನದ ನಮ್ಮ ನಿಯಮವನ್ನು ಮುರಿದೆವು, ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಅವಳು ಜುಲೈ 29ರ ಸಂಜೆಯ ವಿಮಾನದಲ್ಲಿ ಹೊರಟಳು. ಆ ಸಂಜೆ ವಿಮಾನ ಹಾರಿತೆಂಬ ಸಂದೇಶ ಬರುವವರೆಗೂ ನಾನು ಇಲ್ಲಿ ಜಗಲಿಯಲ್ಲಿ ಕೂತೇ ಇದ್ದೆ. ಅಜ್ಜಿಗೆ ಐದು ದಿನ ಸಿಕ್ಕಿತ್ತು, ಇವಳಿಗೆ ಹದಿನೈದು. ಮಗು ಗುಣವಾಗಿ ಮನೆಗೆ ಬಂದಿತ್ತು.

ಇನ್ನು ಅನ್ನಪ್ರಾಶನ. ಹೆಣ್ಣುಮಗುವಾದ್ದರಿಂದ ಏಳನೆಯ ತಿಂಗಳಿಗೆಂದು ನಿಶ್ಚಯಿಸಿದ್ದರು. ಏಪ್ರಿಲ್ 1 ಎಂಬ ಮೊದಲ ದಿನ ಪತ್ನಿಯ ಕಿಟಕಿಯಿಂದ ಕಳಚುವುದು ಸೆಪ್ಟೆಂಬರ್ 28ಕ್ಕೆ. ಅದಕ್ಕೆ ಮೊದಲು ಅವಳು ಒಂದು ಗಂಟೆಯೂ ಅಲ್ಲಿ ಇರುವಂತಿಲ್ಲ. ನಾವು ಇನ್ನೂ ನಾಲ್ಕು ದಿನ ಬಿಟ್ಟು, ವಿಜಯದಶಮಿಯ ದಿನವಾದ ಅಕ್ಟೋಬರ್ 2ಕ್ಕೆ ಇಳಿದೆವು. ಅಂದು ಅವಳ ಲೆಕ್ಕದಲ್ಲಿ 86 ದಿನ ಬಳಕೆಯಾಗಿತ್ತು, ಉಳಿಕೆ 4. ಆಮೇಲಿನದು ನನಗೆ ಬಹಳ ಇಷ್ಟವಾದ ಲೆಕ್ಕ: ಪ್ರತಿ ಬೆಳಿಗ್ಗೆ ಹೊಸ ದಿನವೊಂದು ಸೇರುತ್ತಿತ್ತು, ಅದೇ ಹೊತ್ತಿಗೆ ಏಪ್ರಿಲ್‌ನ ಹಳೆಯ ದಿನವೊಂದು ಉದುರುತ್ತಿತ್ತು, ಉಳಿಕೆ ನಾಲ್ಕಕ್ಕೇ ನಿಂತಿರುತ್ತಿತ್ತು. ಮಗು ಹುಟ್ಟಿದ ಏಪ್ರಿಲ್ 16 ಉದುರಿದ ದಿನ ಅಕ್ಟೋಬರ್ 13. ಅಂದು ಅದು ಮೊದಲ ಸಲ ಬೆನ್ನಿಗೆ ಆಸರೆಯಿಲ್ಲದೆ ಕೂತಿತ್ತು. ಪುಸ್ತಕದ ಅಂಚಿನಲ್ಲಿ ಅದನ್ನೂ ಬರೆದಿದ್ದೇನೆ.

ನಾವು ಅಲ್ಲಿರುವಾಗಲೇ, ಅಕ್ಟೋಬರ್ 12ರಿಂದ, ಷೆಂಗನ್ ಗಡಿಗಳಲ್ಲಿ ಮುದ್ರೆಯ ಬದಲು ಬೆರಳಚ್ಚು ಮತ್ತು ಭಾವಚಿತ್ರ ದಾಖಲಿಸುವ ಗಣಕ ವ್ಯವಸ್ಥೆ ಹಂತಹಂತವಾಗಿ ಆರಂಭವಾಯಿತು. ಮಾಸಿದ ಮುದ್ರೆ, ತಪ್ಪಿ ಬೇರೆ ಪುಟಕ್ಕೆ ಬಿದ್ದ ಮುದ್ರೆ ಎಂಬ ನೆಪಗಳು ಇನ್ನು ನಡೆಯುವುದಿಲ್ಲ, ಯಂತ್ರವೇ ಎಣಿಸುತ್ತದೆ. ಪ್ರಾಮಾಣಿಕವಾಗಿ ಓಡಾಡುವವರಿಗೆ ಇದರಿಂದ ಒಳ್ಳೆಯದೇ ಆಗುತ್ತದೆಂದು ನನ್ನ ಭಾವನೆ. ಆದರೂ ನಮ್ಮದೇ ಪುಸ್ತಕ ಬೇಕು, ಯಾಕೆಂದರೆ ಯಂತ್ರ ಎಣಿಸುವುದು ಆಗಿಹೋದ ದಿನಗಳನ್ನು, ನಾವು ಯೋಚಿಸಬೇಕಾದದ್ದು ಬರಲಿರುವ ದಿನಗಳನ್ನು.

ಗೆಳೆಯರು ಕೇಳಿದ ಆರು ತಿಂಗಳ ಪ್ರಶ್ನೆಗೆ ಮರಳುತ್ತೇನೆ. ಥಾಯ್ಲೆಂಡ್ 2024ರ ಜುಲೈ 15ರಿಂದ ನಮ್ಮ 30 ದಿನವನ್ನು 60ಕ್ಕೆ ಏರಿಸಿತು. 1900 ಬಾತ್ ಕಟ್ಟಿ ಅಲ್ಲಿಯ ಇಮಿಗ್ರೇಷನ್ ಕಚೇರಿಯಲ್ಲಿ ಇನ್ನೂ 30 ದಿನ ಕೇಳುವ ಅವಕಾಶವನ್ನೂ ಇಟ್ಟಿತು. ಆಮೇಲೆ ಒಂದು ದಿನಕ್ಕೆ ಗಡಿ ದಾಟಿ ಮರಳಿ ಬಂದು ಹೊಸದಾಗಿ ಎಣಿಸಿಕೊಳ್ಳುವವರಿದ್ದಾರೆ. ಭೂಮಾರ್ಗದಲ್ಲಿ ವರ್ಷಕ್ಕೆ ಎರಡು ಸಲ ಮಾತ್ರ ಹಾಗೆ ಬರಬಹುದು. ವಿಮಾನದಲ್ಲಿ ಬಂದರೂ ಒಳಗೆ ಬಿಡುವುದು, ಬಿಡದಿರುವುದು ಅಧಿಕಾರಿಗೆ ಸೇರಿದ್ದು. ಅತಿಥಿಗೆ ಕೊಟ್ಟ ದಿನಗಳನ್ನು ಹೀಗೆ ಹೊಲಿದು ಜೋಡಿಸಿ ಅಲ್ಲೇ ಮನೆ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಹೆಚ್ಚು ಕಾಲ ಇರಬೇಕೆನ್ನುವವರು ಅದಕ್ಕೆಂದೇ ಇರುವ ವೀಸಾಕ್ಕೆ ಅರ್ಜಿ ಹಾಕಲಿ. ಈ ವಿನಾಯಿತಿಗಳು ಶಾಶ್ವತವೆಂದೂ ತಿಳಿಯಬೇಡಿ. ಸರ್ಬಿಯಾ 2023ರ ಜನವರಿ 1ರಿಂದ ಭಾರತೀಯರ ವಿನಾಯಿತಿಯನ್ನು ಹಿಂತೆಗೆದುಕೊಂಡಿತು. ಇರಾನ್ 2024ರ ಫೆಬ್ರವರಿಯಲ್ಲಿ ಕೊಟ್ಟದ್ದನ್ನು 2025ರ ನವೆಂಬರ್ 22ರಿಂದ ನಿಲ್ಲಿಸಿತು. ಟಿಕೆಟ್ ತೆಗೆಯುವ ದಿನ ಒಮ್ಮೆ, ಹೊರಡುವ ವಾರ ಇನ್ನೊಮ್ಮೆ ಆಯಾ ದೇಶದ ಸರ್ಕಾರಿ ಜಾಲತಾಣವನ್ನೇ ನೋಡಿ. ಈ ನನ್ನ ಬರಹವನ್ನು ನಂಬಿಕೊಂಡು ಹೊರಡಬೇಡಿ.

ಕೆಲವು ಸಣ್ಣ ವಿಷಯಗಳಿವೆ. ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳಾದರೂ ಇರಬೇಕೆಂದು ಹೆಚ್ಚಿನ ದೇಶಗಳು ಕೇಳುತ್ತವೆ, ಹಾಗಾಗಿ ಹತ್ತು ವರ್ಷದ ಪಾಸ್‌ಪೋರ್ಟ್ ನಿಜವಾಗಿ ಒಂಬತ್ತೂವರೆ ವರ್ಷದ್ದು. ಹುಬ್ಬಳ್ಳಿಗೆ ಹೋಗಿ ನವೀಕರಿಸುವಾಗ 36 ಪುಟದ ಬದಲು 60 ಪುಟದ್ದನ್ನು ಕೇಳಿ, 500 ರೂಪಾಯಿ ಮಾತ್ರ ಹೆಚ್ಚು. ಮುಂದಿನ ಪ್ರಯಾಣದ ಟಿಕೆಟ್ ಕೈಯಲ್ಲಿಲ್ಲದಿದ್ದರೆ ಎಷ್ಟೋ ಸಲ ನಮ್ಮ ದೇಶದ ನಿಲ್ದಾಣದಲ್ಲೇ ವಿಮಾನದವರು ತಡೆಯುತ್ತಾರೆ. ಪಿಂಚಣಿದಾರರಿಗೆ ನವೆಂಬರಿನಲ್ಲಿ ಜೀವನ ಪ್ರಮಾಣಪತ್ರ ಕೊಡುವ ಕೆಲಸವಿರುತ್ತದೆ. ಮೊಬೈಲಿನಲ್ಲಿ ಮುಖ ತೋರಿಸಿಯೂ ಕೊಡಬಹುದು, ನನಗೆ ಮಾತ್ರ ಶಾಖೆಗೆ ಹೋಗಿ ಹಳಬರನ್ನು ಕಂಡು ಸಹಿ ಹಾಕಿದರೇ ಸಮಾಧಾನ. ಅದಕ್ಕಾಗಿಯೇ ಆ ಸಲವೂ ನವೆಂಬರ್ 20ಕ್ಕೆ ಸ್ಟುಟ್‌ಗಾರ್ಟ್ ಬಿಟ್ಟೆವು.

ಈ ಮೇ ತಿಂಗಳಲ್ಲಿ ಮಗಳು, ಅಳಿಯ, ಪುಟ್ಟಿ ಕಾರವಾರಕ್ಕೆ ಬರುತ್ತಾರೆ. ತಂದೆ ತಾಯಿ ಸಾಕಷ್ಟು ವರ್ಷದಿಂದ ಕಾಯಂ ವಾಸದ ಹಕ್ಕಿನೊಂದಿಗೆ ಅಲ್ಲಿರುವುದರಿಂದ ಪುಟ್ಟಿಗೆ ಹುಟ್ಟಿನಿಂದಲೇ ಜರ್ಮನಿಯ ಪೌರತ್ವ ಬಂದಿದೆ, ಪಾಸ್‌ಪೋರ್ಟ್ ಕೆಂಪು ಬಣ್ಣದ್ದು. ಅಜ್ಜ ಅಜ್ಜಿಯ ಮನೆಗೆ ಬರಲು ಅವಳಿಗೆ ಭಾರತದ ವೀಸಾ ಬೇಕು. ಮೊನ್ನೆ ಅದರ ಅರ್ಜಿ ತುಂಬುತ್ತ ಮಗಳು ಫೋನಿನಲ್ಲಿ ಕೇಳಿದಳು, “ಅಪ್ಪಾ, ಇವಳು ಅಲ್ಲಿ ಎಲ್ಲಿ ಉಳಿಯುತ್ತಾಳೆ, ಪೂರ್ತಿ ವಿಳಾಸ ಹೇಳು.” ನಾನು ಮನೆಯ ಹೆಸರು, ಓಣಿ, ಪಿನ್‌ಕೋಡ್ ಎಲ್ಲವನ್ನೂ ಅಕ್ಷರ ಅಕ್ಷರವಾಗಿ ಹೇಳಿ ಬರೆಸಿದೆ. ಫೋನಿಟ್ಟ ಮೇಲೆ ನೋಡುತ್ತೇನೆ, ಪತ್ನಿ ಪುಸ್ತಕದಲ್ಲಿ ಹೊಸ ಪುಟವೊಂದನ್ನು ತೆರೆದು ಗೆರೆ ಹಾಕುತ್ತಿದ್ದಾಳೆ. ಮೇಲೆ ಪುಟ್ಟಿಯ ಹೆಸರು, ದೇಶದ ಕಲಮಿನಲ್ಲಿ ಭಾರತ, ಒಳಬಂದ ದಿನ ಎಂಬಲ್ಲಿ ಇನ್ನೂ ಏನೂ ಬರೆದಿಲ್ಲ.